ಹತ್ತನೆಯ ಪರ್ವಕ್ಕೆ ನಿಂತ ಲೇಖನಿ

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದ ಮೊದಲ ವಾರ ಮನೆಮನೆಯಲ್ಲೂ ಒಂದು ಶೋಧನೆ ನಡೆಯುತ್ತದೆ. ಹಳೆಯ ಪಠ್ಯಪುಸ್ತಕ, ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಬೇಕೆಂದು ಕಪಾಟು, ಅಟ್ಟ, ಮಂಚದ ಕೆಳಗಿನ ಟ್ರಂಕು ಎಲ್ಲವನ್ನೂ ಬರಿದು ಮಾಡುತ್ತಾರೆ. ಆಗ ಬೇರೆಯೇ ಒಂದು ಸರಕು ಹೊರಬೀಳುತ್ತದೆ. ಹದಿನಾಲ್ಕು ಪುಟ ಬರೆದು ಬಿಟ್ಟ ಪತ್ತೇದಾರಿ ಕಾದಂಬರಿ. ಎರಡು ಕಣ್ಣು, ಅರ್ಧ ಮೂಗು ಮಾತ್ರ ಮೂಡಿದ ಅಜ್ಜಿಯ ಪೆನ್ಸಿಲ್ ಚಿತ್ರ. ಮೂರು ಹೂ ಮುಗಿದು ನಾಲ್ಕನೆಯದಕ್ಕೆ ಸೂಜಿ ಚುಚ್ಚಿಕೊಂಡೇ ಉಳಿದ ಮೇಜುವಸ್ತ್ರ. ಸೊಂಡಿಲಿಲ್ಲದ ಮಣ್ಣಿನ ಗಣಪ. ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ 'ಸಮಗ್ರ ಕವಿತೆಗಳು' ಎಂದು ಬರೆದು, ಒಳಗೆ ಎರಡೇ ಕವಿತೆಗಳಿರುವ ಇನ್ನೂರು ಪುಟದ ನೋಟ್‌ಬುಕ್.

ಇವನ್ನೆಲ್ಲ ಕಂಡ ಕೂಡಲೇ ತಂದೆಯ ಬಾಯಿಂದ ಒಂದು ಮಾತು ಬರುವುದುಂಟು: "ಇಷ್ಟರಲ್ಲಿ ಒಂದನ್ನಾದರೂ ಪೂರ್ತಿ ಮಾಡಿದ್ದೀಯಾ?" ತಾಯಿ ಅಷ್ಟು ಖಾರವಾಗಿ ಹೇಳಲಾರಳು. ಆದರೆ ಬಣ್ಣದ ಪೆಟ್ಟಿಗೆಗೆ ಕೊಟ್ಟ ದುಡ್ಡು ಅವಳಿಗೂ ನೆನಪಾಗುತ್ತದೆ. ಮಗು ಮಾತಾಡುವುದಿಲ್ಲ. ಎಸೆಯಲು ಮನಸ್ಸಿಲ್ಲ, ಮುಗಿಸಲು ಉತ್ಸಾಹವಿಲ್ಲ. ಎಲ್ಲವೂ ಮತ್ತೆ ಟ್ರಂಕಿನ ತಳ ಸೇರುತ್ತವೆ. ಮುಂದಿನ ಬೇಸಿಗೆಗೂ ಅದೇ ಮಾತು, ಅದೇ ಮೌನ.

ಇಂಥ ಮಕ್ಕಳಿಗೆಂದೇ ಕನ್ನಡದಲ್ಲಿ ಒಂದು ಬಿರುದು ಸಿದ್ಧವಾಗಿದೆ: ಆರಂಭಶೂರ. ಅದರ ಬೆನ್ನಿಗೆ ಭರ್ತೃಹರಿಯ ನೀತಿಶತಕವೂ ಇದೆ. ವಿಘ್ನಕ್ಕೆ ಹೆದರಿ ಆರಂಭಿಸದೆಯೇ ಇರುವವರು ಕೀಳು, ಆರಂಭಿಸಿ ವಿಘ್ನ ಬಂದಾಗ ನಿಲ್ಲಿಸುವವರು ಮಧ್ಯಮರು, ಎಷ್ಟು ಪೆಟ್ಟು ಬಿದ್ದರೂ ಹಿಡಿದದ್ದನ್ನು ಬಿಡದವರು ಉತ್ತಮರು ಎಂಬ ಅವನ ವಿಂಗಡಣೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಮಾತು ದೊಡ್ಡದು, ಸಂಶಯವಿಲ್ಲ. ಆದರೆ ಇದನ್ನು ಹತ್ತು ವರ್ಷದ ಮಗುವಿನ ಚಿತ್ರದ ಪುಸ್ತಕಕ್ಕೆ ಅನ್ವಯಿಸಿದರೆ ಫಲ ತಿರುವುಮುರುವಾಗುತ್ತದೆ. ಆರಂಭಿಸಿ ಬಿಟ್ಟರೆ ಬೈಗುಳ, ಆರಂಭಿಸದೆ ಇದ್ದರೆ ಯಾರ ಕಾಟವೂ ಇಲ್ಲ ಎಂಬುದು ಮಗುವಿಗೆ ಬೇಗ ತಿಳಿಯುತ್ತದೆ. ಭರ್ತೃಹರಿ ಎಲ್ಲಕ್ಕಿಂತ ಕೆಳಗಿಟ್ಟ ಜಾಗಕ್ಕೇ ಮಗು ತಾನಾಗಿ ಇಳಿದು ಕೂರುತ್ತದೆ. ಎಂಟನೆಯ ತರಗತಿಯ ಹೊತ್ತಿಗೆ ಬಣ್ಣದ ಪೆಟ್ಟಿಗೆ ಒಣಗಿ ಹೋಗಿರುತ್ತದೆ.

ಅರ್ಧಕ್ಕೆ ನಿಂತದ್ದೆಲ್ಲ ಒಂದೇ ಬಗೆಯದಲ್ಲ. ಈ ಮಾತಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಗದುಗಿನ ತನಕ ಹೋದರೆ ಸಾಕು.

ಗದುಗಿನ ನಾರಣಪ್ಪ, ಎಂದರೆ ಕುಮಾರವ್ಯಾಸ, ಬರೆದ 'ಕರ್ಣಾಟ ಭಾರತ ಕಥಾಮಂಜರಿ' ಕನ್ನಡದ ಅತ್ಯಂತ ಜನಪ್ರಿಯ ಕಾವ್ಯಗಳಲ್ಲಿ ಒಂದು. ಹಳ್ಳಿಯ ಜಗಲಿಯಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ಗಮಕಿಗಳು ಇದನ್ನು ಶತಮಾನಗಳಿಂದ ಹಾಡಿಕೊಂಡು ಬಂದಿದ್ದಾರೆ. ಗದುಗಿನ ವೀರನಾರಾಯಣ ದೇವಾಲಯದಲ್ಲಿ ಒಂದು ಕಂಬವನ್ನು ತೋರಿಸಿ, ಕವಿ ಇಲ್ಲಿಯೇ ಕುಳಿತು ಬರೆದನೆಂದು ಇಂದಿಗೂ ಹೇಳುತ್ತಾರೆ. ಬರೆದ ಪದವನ್ನು ಅಳಿಸದಂಥ ಅಗ್ಗಳಿಕೆ ತನ್ನದೆಂದು ಕವಿಯೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಇಷ್ಟೆಲ್ಲ ಗೊತ್ತಿದ್ದವರಿಗೂ ಒಂದು ಸಂಗತಿ ಚಟ್ಟನೆ ನೆನಪಿಗೆ ಬರುವುದಿಲ್ಲ. ಮಹಾಭಾರತಕ್ಕೆ ಪರ್ವಗಳು ಹದಿನೆಂಟು. ಕುಮಾರವ್ಯಾಸ ಬರೆದದ್ದು ಹತ್ತು.

ಆದಿಪರ್ವದಿಂದ ಗದಾಪರ್ವದವರೆಗೆ ಅವನ ಭಾಮಿನಿ ಷಟ್ಪದಿ ಹರಿಯುತ್ತದೆ. ದುರ್ಯೋಧನ ತೊಡೆ ಮುರಿದು ಬೀಳುತ್ತಾನೆ. ಅಶ್ವತ್ಥಾಮನ ರಾತ್ರಿಯ ಕೊಲೆಗಳು ನಡೆದುಹೋಗುತ್ತವೆ. ಧರ್ಮರಾಯನಿಗೆ ಪಟ್ಟವಾಗುತ್ತದೆ. ಅಲ್ಲಿಗೆ ಕಾವ್ಯ ನಿಲ್ಲುತ್ತದೆ. ಭೀಷ್ಮ ಶರಶಯ್ಯೆಯ ಮೇಲೆ ಮಲಗಿ ಧರ್ಮರಾಯನಿಗೆ ಹೇಳುವ ದೀರ್ಘ ಧರ್ಮೋಪದೇಶವಿಲ್ಲ, ಯಾದವರ ನಾಶವಿಲ್ಲ, ಪಾಂಡವರ ಮಹಾಪ್ರಸ್ಥಾನವಿಲ್ಲ. ಏಕೆ ನಿಂತಿತೆಂಬುದಕ್ಕೆ ಊಹೆಗಳು ಹಲವು. ಊಹೆ ಏನೇ ಇರಲಿ, ನಿಂತ ಜಾಗವನ್ನು ನೋಡಬೇಕು. ದ್ರೋಣಪರ್ವದ ನಡುವೆ, ಅಭಿಮನ್ಯು ಚಕ್ರವ್ಯೂಹದೊಳಗೆ ಸಿಕ್ಕಿರುವಾಗ ಲೇಖನಿ ನಿಂತಿದ್ದರೆ ಕೇಳುಗರು ಇಂದಿಗೂ ಚಡಪಡಿಸುತ್ತಿದ್ದರು. ಹಗೆ ತೀರಿ, ಯುದ್ಧ ಮುಗಿದು, ಅರಸನೊಬ್ಬ ಸಿಂಹಾಸನ ಏರಿದ ಮೇಲೆ ನಿಂತಿರುವುದರಿಂದ ಗಮಕ ಕೇಳಿ ಎದ್ದ ಯಾರೂ "ಇನ್ನು ಎಂಟು ಪರ್ವ ಬಾಕಿ ಇತ್ತಲ್ಲ" ಎಂದು ಗೊಣಗುವುದಿಲ್ಲ.

ಬಾಕಿ ಎಂಟು ಪರ್ವಗಳನ್ನು ಮುಂದೆ ತಿಮ್ಮಣ್ಣ ಕವಿ ಬರೆದ. 1509ರಿಂದ 1529ರವರೆಗೆ ವಿಜಯನಗರವನ್ನು ಆಳಿದ ಕೃಷ್ಣದೇವರಾಯನ ಆಶ್ರಯ ಅವನಿಗಿತ್ತು. ಅರಸನ ಹೆಸರಿನಿಂದಲೇ ಆ ಕೃತಿಗೆ 'ಕೃಷ್ಣರಾಯ ಭಾರತ' ಎಂಬ ಹೆಸರು. ಅಲ್ಲಿಗೆ ಕನ್ನಡದ ಷಟ್ಪದಿ ಭಾರತ ಹದಿನೆಂಟೂ ಪರ್ವಗಳಿಂದ ಪೂರ್ತಿಯಾಯಿತು. ಆದರೆ ಜನರ ನಾಲಗೆಯ ಮೇಲೆ ಉಳಿದದ್ದು ಯಾವುದು? ಅಪೂರ್ಣವಾದ ಗದುಗಿನ ಭಾರತ. ಪೂರ್ತಿ ಮಾಡಿದವನ ಹೆಸರು ಸಾಹಿತ್ಯ ಚರಿತ್ರೆಯ ಪರೀಕ್ಷೆಗೆ ಓದುವವರಿಗಷ್ಟೇ ಗೊತ್ತು. ತಿಮ್ಮಣ್ಣನಿಗೆ ಇದರಲ್ಲಿ ಸ್ವಲ್ಪ ಅನ್ಯಾಯವೇ ಆಗಿದೆ ಎನ್ನಬೇಕು.

ನೆರೆಯ ತೆಲುಗಿನಲ್ಲಿ ಇದೇ ಭಾರತದ ಕಥೆ ಇನ್ನೂ ಸೊಗಸಾಗಿದೆ. ಅಲ್ಲಿ ಮೊದಲು ಕೈ ಹಾಕಿದವನು ಹನ್ನೊಂದನೆಯ ಶತಮಾನದ ನನ್ನಯ. ಆದಿ, ಸಭಾ ಪರ್ವಗಳನ್ನು ಮುಗಿಸಿ ಅರಣ್ಯಪರ್ವದ ನಡುವೆ ನಿಂತ. ಹದಿಮೂರನೆಯ ಶತಮಾನದಲ್ಲಿ ತಿಕ್ಕನ ಬಂದಾಗ ಅರಣ್ಯಪರ್ವ ಅರ್ಧಕ್ಕೇ ಬಿದ್ದಿತ್ತು. ಅವನು ಅದನ್ನು ಹಾಗೆಯೇ ಬಿಟ್ಟು ಮುಂದಿನ ವಿರಾಟಪರ್ವದಿಂದ ಶುರುಮಾಡಿ ಕೊನೆಯವರೆಗೆ ಹದಿನೈದು ಪರ್ವ ಬರೆದ. ನಡುವಿನ ಕಂದಕವನ್ನು ಹದಿನಾಲ್ಕನೆಯ ಶತಮಾನದಲ್ಲಿ ಎರ್ರನ ತುಂಬಿದ. ಮೂವರನ್ನೂ ಸೇರಿಸಿ ಕವಿತ್ರಯ ಎಂದು ತೆಲುಗರು ಗೌರವಿಸುತ್ತಾರೆ. ನಿಂತುಹೋದ ಕೆಲಸದ ಮುಂದೆ ಕೈಕಟ್ಟಿ ಕೂತಿರುವ ವಿದ್ಯಾರ್ಥಿ ತಿಕ್ಕನನ ಉಪಾಯವನ್ನು ಗಮನಿಸಬೇಕು. ಕಾದಂಬರಿಯ ಮೂರನೆಯ ಅಧ್ಯಾಯ ಹೊರಳದಿದ್ದರೆ ನಾಲ್ಕನೆಯದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾದರೆ ಮಕ್ಕಳ ಕೆಲಸ ಏಕೆ ನಿಲ್ಲುತ್ತದೆ? ಪರೀಕ್ಷೆ ಬಂತು, ಜ್ವರ ಬಂತು, ಮನೆ ಬದಲಾಯಿತು. ಇವು ಹೊರಗಿನ ಕಾರಣಗಳು. ಇವಕ್ಕೆ ಯಾರೂ ಹೊಣೆಯಲ್ಲ. ಹುರುಪು ಬೇರೆ ಕಡೆ ತಿರುಗಿತು ಎಂಬುದೂ ಒಂದು ಕಾರಣ. ಹನ್ನೆರಡರ ವಯಸ್ಸಿನಲ್ಲಿ ಹುರುಪು ತಿರುಗದಿದ್ದರೆ ಇನ್ನು ಯಾವಾಗ ತಿರುಗಬೇಕು? ಆದರೆ ಹೆತ್ತವರು ಅಷ್ಟಾಗಿ ಗಮನಿಸದ ಇನ್ನೊಂದು ಕಾರಣವಿದೆ. ಅದು ಅಜ್ಜಿಯ ಆ ಪೆನ್ಸಿಲ್ ಚಿತ್ರದಲ್ಲಿದೆ.

ಚಿತ್ರ ಮೂಗಿನ ಬಳಿಯೇ ಏಕೆ ನಿಂತಿತು? ಏಳು ವರ್ಷದ ಮಗು ಚಿತ್ರವನ್ನು ಅರ್ಧಕ್ಕೆ ಬಿಡುವುದು ಕಡಿಮೆ. ಒಂದು ದುಂಡು, ಎರಡು ಚುಕ್ಕೆ, ಒಂದು ಗೆರೆ ಎಳೆದು 'ಅಜ್ಜಿ' ಎಂದು ಹೆಸರು ಬರೆದರೆ ಮುಗಿಯಿತು. ಅದೇ ಮಗು ಹದಿಮೂರಕ್ಕೆ ಬಂದಾಗ ಕಣ್ಣು ಕಲಿತಿರುತ್ತದೆ. ಅಜ್ಜಿಯ ಮೂಗು ಹೀಗಿಲ್ಲ, ಮೂಗುಬೊಟ್ಟಿನ ಪಕ್ಕದ ನೆರಳು ಹೀಗೆ ಬೀಳುವುದಿಲ್ಲ ಎಂದು ಅದಕ್ಕೆ ಕಾಣತೊಡಗುತ್ತದೆ. ಕೈ ಮಾತ್ರ ಇನ್ನೂ ಅಷ್ಟು ಕಲಿತಿಲ್ಲ. ಕಣ್ಣು ಮುಂದೆ ಹೋಗಿ ಕೈ ಹಿಂದೆ ಉಳಿದ ಆ ಜಾಗದಲ್ಲಿ ಪೆನ್ಸಿಲ್ ನಿಲ್ಲುತ್ತದೆ. ಅಟ್ಟದಿಂದ ಇಳಿದ ಆ ಹಾಳೆಯನ್ನು ಸೋಮಾರಿತನದ ಗುರುತೆಂದು ಓದುವ ತಂದೆ ಅದರಲ್ಲಿರುವ ಅರ್ಧ ಸುದ್ದಿಯನ್ನು ಓದಿಲ್ಲ. ಎರಡು ವರ್ಷ ಬಿಟ್ಟು ಅದೇ ಅಜ್ಜಿಯನ್ನು ಮತ್ತೆ ಬರೆದು ನೋಡಿದರೆ ಮೂಗು ದಾಟಿ ಗಲ್ಲದವರೆಗೆ ಬರಬಹುದು. ಹಳೆಯ ಹಾಳೆ ಇಲ್ಲದಿದ್ದರೆ ಎಷ್ಟು ದೂರ ಬಂದೆವೆಂದು ಅಳೆಯುವುದಾದರೂ ಹೇಗೆ?

ಇಷ್ಟು ಓದಿದ ಜಾಣ ವಿದ್ಯಾರ್ಥಿ ನಾಳೆ ಶಾಲೆಯಲ್ಲಿ "ಕುಮಾರವ್ಯಾಸನೇ ಎಂಟು ಪರ್ವ ಬಿಟ್ಟಿದ್ದಾನೆ ಸಾರ್" ಎಂದು ಹೇಳಿ ವಿಜ್ಞಾನದ ಪ್ರಾಜೆಕ್ಟನ್ನು ಕೊಡದೆ ಕುಳಿತರೆ ಕಷ್ಟ. ಅದಕ್ಕಾಗಿ ಇಟಲಿಯ ಒಂದು ಪ್ರಸಂಗವನ್ನೂ ಹೇಳಬೇಕು.

1481ರಲ್ಲಿ ಫ್ಲಾರೆನ್ಸ್ ನಗರದ ಹೊರಗಿನ ಒಂದು ಕ್ರೈಸ್ತ ಮಠದ ಸನ್ಯಾಸಿಗಳು ತಮ್ಮ ಪೂಜಾಪೀಠಕ್ಕೆ ದೊಡ್ಡದೊಂದು ಚಿತ್ರ ಬೇಕೆಂದು ಲಿಯೊನಾರ್ಡೊ ಡಾ ವಿಂಚಿಯೊಡನೆ ಕರಾರು ಮಾಡಿಕೊಂಡರು. ಶಿಶು ಯೇಸುವನ್ನು ನೋಡಲು ಪೂರ್ವ ದೇಶದ ಜ್ಞಾನಿಗಳು ಬಂದ ಸಂದರ್ಭ. ಇಪ್ಪತ್ತನಾಲ್ಕು ತಿಂಗಳು, ಹೆಚ್ಚೆಂದರೆ ಮೂವತ್ತು ತಿಂಗಳಲ್ಲಿ ಮುಗಿಸಿಕೊಡಬೇಕೆಂಬ ಷರತ್ತಿತ್ತು. ಲಿಯೊನಾರ್ಡೊ ಕಂದುಬಣ್ಣದಲ್ಲಿ ಚಿತ್ರದ ತಳಹದಿ ಹಾಕಿ, 1482ರಲ್ಲಿ ಮಿಲಾನ್ ನಗರಕ್ಕೆ ಹೊರಟುಹೋದ. ಸನ್ಯಾಸಿಗಳು ಕಾದರು, ಕಾದರು, ಕೊನೆಗೆ ಫಿಲಿಪ್ಪಿನೊ ಲಿಪ್ಪಿ ಎಂಬ ಬೇರೊಬ್ಬ ಕಲಾವಿದನಿಂದ ಅದೇ ಸಂದರ್ಭದ ಚಿತ್ರ ಬರೆಸಿಕೊಂಡರು. ಅದು ಮುಗಿದದ್ದು 1496ರಲ್ಲಿ. ಲಿಯೊನಾರ್ಡೊ ಬಿಟ್ಟುಹೋದ ಹಲಗೆ ಈಗ ಫ್ಲಾರೆನ್ಸಿನ ಉಫೀಝಿ ಸಂಗ್ರಹಾಲಯದಲ್ಲಿದೆ. ಅದನ್ನು ನೋಡಲು ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ, ಆ ಅಪೂರ್ಣತೆಯಲ್ಲೇ ಅದ್ಭುತವಿದೆ ಎನ್ನುತ್ತಾರೆ. ಇರಬಹುದು. ಆದರೆ ಹದಿನೈದು ವರ್ಷ ಕಾಯಬೇಕಾಗಿ ಬಂದ ಸನ್ಯಾಸಿಗಳನ್ನು ಯಾರೂ ಕೇಳಿಲ್ಲ.

ತನಗಾಗಿ ಹಿಡಿದ ಕೆಲಸ ಬೇರೆ, ಇನ್ನೊಬ್ಬರಿಗೆ ಮಾತು ಕೊಟ್ಟ ಕೆಲಸ ಬೇರೆ. ಸೋಮವಾರ ಒಪ್ಪಿಸಬೇಕಾದ ಪ್ರಾಜೆಕ್ಟು, ಏಳು ಮಂದಿ ಗೆಳೆಯರು ಸೇರಿ ಆಡಬೇಕಾದ ನಾಟಕದಲ್ಲಿ ಒಪ್ಪಿಕೊಂಡ ಪಾತ್ರ, ತಂಗಿಯ ಹುಟ್ಟುಹಬ್ಬಕ್ಕೆ ಮಾಡಿಕೊಡುತ್ತೇನೆಂದ ಗೊಂಬೆಮನೆ, ಇವು ಸಾಲದ ಲೆಕ್ಕಕ್ಕೆ ಸೇರುತ್ತವೆ. ಸಾಲವನ್ನು ತೀರಿಸಬೇಕು. ತೀರಿಸಲು ಆಗದೇ ಇದ್ದರೆ ಸಮಯಕ್ಕೆ ಮೊದಲೇ ಹೋಗಿ ಹೇಳಬೇಕು. ಸಮಾಧಾನದ ಮಾತೆಲ್ಲ ಅಟ್ಟದ ಮೇಲಿನ ಆ ಇನ್ನೊಂದು ಬಗೆಯ ಸರಕಿಗೆ ಸಲ್ಲುವಂಥದು.

ಆ ಸರಕನ್ನು ಏನು ಮಾಡುವುದು? ಧಾರವಾಡದ ಕಡೆಯ ಕಸೂತಿಯ ಹೆಣ್ಣುಮಕ್ಕಳಿಂದ ಇಲ್ಲಿ ಕಲಿಯಬಹುದಾದದ್ದಿದೆ. ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಿಸುವ ಈ ಕಲೆಯಲ್ಲಿ ಗವಂತಿ, ಮುರ್ಗಿ ಎಂಬ ಹೊಲಿಗೆಗಳಿವೆ. ಬಟ್ಟೆಯ ಎಳೆ ಎಣಿಸಿಕೊಂಡು ಸೂಜಿ ಹೋಗುತ್ತದೆ. ಹೋಗುವಾಗ ಒಂದು ಹೊಲಿಗೆ, ಒಂದು ಖಾಲಿ, ಮತ್ತೊಂದು ಹೊಲಿಗೆ, ಮತ್ತೊಂದು ಖಾಲಿ. ಬರುವಾಗ ಅದೇ ದಾರಿಯಲ್ಲಿ ಹಿಂದಿರುಗುತ್ತ ಖಾಲಿ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬರಬೇಕು. ಆಗಲೇ ಗೆರೆ ಪೂರ್ತಿಯಾಗುವುದು, ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣುವುದು. ಗಂಟು ಹಾಕುವಂತಿಲ್ಲ. ಹೋಗುವ ದಾರಿಯಲ್ಲಿ ಕೆಲಸ ನಿಲ್ಲಿಸಿದರೆ ಚುಕ್ಕೆಚುಕ್ಕೆಯ ಮುರಿದ ಗೆರೆ ಉಳಿಯುತ್ತದೆ. ಆರು ತಿಂಗಳು ಬಿಟ್ಟು ನೋಡಿದಾಗ ಎಲ್ಲಿಗೆ ಹೊರಟಿತ್ತೆಂದು ಹೊಲಿದವಳಿಗೇ ತಿಳಿಯದೆ ಹೋಗಬಹುದು. ಒಂದು ತುಳಸಿಕಟ್ಟೆಯ ಹೋಗಿಬರುವ ದಾರಿ ಮುಗಿಸಿ ನಿಲ್ಲಿಸಿದರೆ, ಹನ್ನೆರಡು ಮೂಡಬೇಕಿದ್ದಲ್ಲಿ ಮೂರೇ ಮೂಡಿದ್ದರೂ ಬಟ್ಟೆ ಚೆಂದವಾಗಿಯೇ ಇರುತ್ತದೆ. ಗದಾಪರ್ವಕ್ಕೆ ನಿಂತ ಭಾರತದ ಹಾಗೆ.

ಮಕ್ಕಳು ಮಾಡಬೇಕಾದದ್ದೂ ಇಷ್ಟೇ. ಬಿಡುವ ಮುನ್ನ ಒಂದು ಸುತ್ತು ಮುಗಿಸಿ ಬಿಡುವುದು. ಕಾದಂಬರಿ ಬೇಡವೆನಿಸಿದರೆ ಬರೆಯುತ್ತಿರುವ ಅಧ್ಯಾಯದ ಕೊನೆಗೆ ತಂದು ನಿಲ್ಲಿಸಬಹುದು. ಹಾಡು ಪೂರ್ತಿ ಬಾರದಿದ್ದರೆ ಪಲ್ಲವಿಯನ್ನಾದರೂ ತಪ್ಪಿಲ್ಲದೆ ನುಡಿಸುವಷ್ಟು ಕಲಿತು ಕೊಳಲನ್ನು ಚೀಲಕ್ಕೆ ಹಾಕಬಹುದು. ಮೊಬೈಲ್ ಫೋನಿನಲ್ಲಿ ಕಿರುಚಿತ್ರ ಮಾಡಲು ಹೊರಟು ಅರ್ಧಕ್ಕೆ ನಿಂತ ಗೆಳೆಯರ ಗುಂಪು, ತೆಗೆದ ಎರಡು ದೃಶ್ಯಗಳನ್ನೇ ಜೋಡಿಸಿ ಎಲ್ಲರೂ ಕೂತು ಒಮ್ಮೆ ನೋಡಬಹುದು. ಆಮೇಲೆ ಕೊನೆಯ ಪುಟದಲ್ಲಿ ತಾರೀಖು ಹಾಕಿ, ಮುಂದೆ ಏನು ಮಾಡಬೇಕೆಂದಿತ್ತು ಎಂಬುದನ್ನು ಮೂರು ಸಾಲು ಬರೆದಿಡುವುದು. ಕಳ್ಳ ಯಾರೆಂದು ಪತ್ತೇದಾರನಿಗೆ ಗೊತ್ತಾಗದಿದ್ದರೂ ಬರೆದವನಿಗೆ ಗೊತ್ತಿರುತ್ತದೆಯಲ್ಲ, ಅದನ್ನು ಬರೆದಿಟ್ಟರೆ ಕಥೆ ಸತ್ತಂತಾಗುವುದಿಲ್ಲ. ಇನ್ನು ನೋಡಿದರೆ ಬೇಸರವಷ್ಟೇ ಬರುವಂಥ ಕೆಲವು ಇರುತ್ತವೆ. ಹೆಣಿಗೆಯ ಉಣ್ಣೆ ಬಿಚ್ಚಿ ಉಂಡೆ ಸುತ್ತಬಹುದು, ಮಣ್ಣನ್ನು ನೆನೆಸಿ ಮತ್ತೆ ಕಲಸಬಹುದು. ಹಾಗೆ ಬಿಚ್ಚುವುದೂ ಒಂದು ತೀರ್ಮಾನವೇ. ತೀರ್ಮಾನವಿಲ್ಲದೆ ಟ್ರಂಕಿನ ತಳದಲ್ಲಿ ಬಿದ್ದದ್ದು ಮಾತ್ರ ಪ್ರತಿ ಬೇಸಿಗೆ ಎದ್ದು ಬಂದು ಚುಚ್ಚುತ್ತದೆ.

ಒಂದನ್ನು ಬಿಟ್ಟರೆ ಎಲ್ಲವನ್ನೂ ಬಿಡುವ ಚಾಳಿ ಬೀಳುತ್ತದೆಂಬ ಹೆದರಿಕೆ ಹೆತ್ತವರದು. ವಿಯೆನ್ನಾದ ಫ್ರಾನ್ಜ್ ಶೂಬರ್ಟ್ 1822ರಲ್ಲಿ ಒಂದು ಸಿಂಫನಿ ಆರಂಭಿಸಿದ. ಅಂಥ ರಚನೆಗೆ ಸಾಮಾನ್ಯವಾಗಿ ನಾಲ್ಕು ಭಾಗ. ಎರಡನ್ನು ಮುಗಿಸಿದ, ಮೂರನೆಯದನ್ನು ಶುರುಮಾಡಿ ಬಿಟ್ಟ. ಆಮೇಲೆ ಆರು ವರ್ಷ ಬದುಕಿದ್ದರೂ ಅದಕ್ಕೆ ಮರಳಲಿಲ್ಲ. ಆದರೆ ಕೈಕಟ್ಟಿಯೂ ಕೂರಲಿಲ್ಲ. ಹಾಡಿನ ಮಾಲೆಗಳನ್ನು ರಚಿಸಿದ, ಇನ್ನೂ ದೊಡ್ಡದಾದ ಮತ್ತೊಂದು ಸಿಂಫನಿಯನ್ನು ಪೂರ್ತಿಯಾಗಿ ಬರೆದ, 1828ರಲ್ಲಿ ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಗೆಳೆಯನೊಬ್ಬನ ಬಳಿ ಇದ್ದ ಆ ಅರ್ಧ ರಚನೆಯನ್ನು ಮೊದಲ ಬಾರಿಗೆ ನುಡಿಸಿದ್ದು 1865ರ ಡಿಸೆಂಬರಿನಲ್ಲಿ. ಇಂದು ಅದಕ್ಕೆ 'ಅಪೂರ್ಣ' ಎಂಬುದೇ ಹೆಸರು.

ತಂದೆತಾಯಿಗಳ ಪಾತ್ರ ಇಲ್ಲಿ ಸೂಕ್ಷ್ಮವಾದದ್ದು. ನೆಂಟರು ಬಂದಾಗ "ನಮ್ಮವನು ಎಲ್ಲವನ್ನೂ ಶುರುಮಾಡುತ್ತಾನೆ, ಮುಗಿಸುವುದೊಂದು ಗೊತ್ತಿಲ್ಲ" ಎಂದು ನಗುತ್ತ ಹೇಳುವ ಮಾತು ದೊಡ್ಡವರಿಗೆ ಮರುದಿನ ಮರೆತುಹೋಗುತ್ತದೆ, ಮಗುವಿಗೆ ಮರೆಯುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಮಗುವಿನ ಕೆಲಸವನ್ನು ತಾವೇ ಮುಗಿಸಿಬಿಡುವುದು. ಶಾಲೆಯ ವಸ್ತುಪ್ರದರ್ಶನದ ಹಿಂದಿನ ರಾತ್ರಿ ಮಗಳು ಮಲಗಿದ ಮೇಲೆ ತಾಯಿ ಉಳಿದ ಹೂಗಳನ್ನು ಹೊಲಿದು ಮುಗಿಸುವುದು ಎಷ್ಟು ಮನೆಗಳಲ್ಲಿ ನಡೆಯುವುದಿಲ್ಲ! ಬಹುಮಾನ ಬಂದರೂ ಮಗಳಿಗೆ ತನ್ನ ಮೂರು ಹೂ ಯಾವುವು, ಅಮ್ಮನ ಒಂಬತ್ತು ಯಾವುವು ಎಂಬುದು ದೂರದಿಂದಲೇ ಕಾಣುತ್ತಿರುತ್ತದೆ.

ಇನ್ನೊಂದನ್ನು ಹೆತ್ತವರು ತಮ್ಮಲ್ಲೇ ಕೇಳಿಕೊಳ್ಳಬಹುದು. ಕೆಲವು ಮನೆಗಳ ಮೂಲೆಯಲ್ಲಿ ಮಕ್ಕಳದ್ದಲ್ಲದ ಹಾರ್ಮೋನಿಯಂ ಒಂದಿರುತ್ತದೆ. ತಂದೆ ಪಿಯುಸಿಯಲ್ಲಿದ್ದಾಗ ಕೊಂಡದ್ದು, ಎರಡು ವರ್ಷ ನುಡಿಸಿ ನೌಕರಿ ಸಿಕ್ಕ ಮೇಲೆ ನಿಲ್ಲಿಸಿದ್ದು. ಮಗನನ್ನು ಸಂಗೀತದ ಪಾಠಕ್ಕೆ ಬಿಡದೆ ದೂಡುವ ತಂದೆ ಯಾರ ಬಾಕಿಯನ್ನು ಯಾರಿಂದ ತೀರಿಸುತ್ತಿದ್ದಾನೆ? ಆ ಹಾರ್ಮೋನಿಯಂ ಹೊದಿಕೆ ತೆಗೆದು, ಬೆರಳು ತಡವರಿಸುತ್ತಲೇ ಮಕ್ಕಳೆದುರು ಒಂದು ಭಾನುವಾರ ನುಡಿಸಿದರೆ, ಮನೆಯಲ್ಲಿ ಅರ್ಧ ಕೆಲಸ ಉಳಿಸಿಕೊಂಡವನು ತಾನೊಬ್ಬನೇ ಅಲ್ಲವೆಂದು ಮಗನಿಗೆ ತಿಳಿಯುತ್ತದೆ.

ಇನ್ನೊಬ್ಬರ ಬಾಕಿ ತೀರಿಸಿ ತನ್ನದನ್ನು ಬಾಕಿ ಉಳಿಸಿ ಹೋದ ದೊಡ್ಡವರೊಬ್ಬರು ರಾಷ್ಟ್ರಕೂಟರ ಕಾಲದಲ್ಲಿದ್ದರು. ಅರಸ ಅಮೋಘವರ್ಷ ನೃಪತುಂಗನ ಗುರು ಜಿನಸೇನಾಚಾರ್ಯರು. ಅವರ ಗುರು ವೀರಸೇನರು 'ಜಯಧವಳಾ' ಎಂಬ ಬೃಹತ್ ಟೀಕೆಯನ್ನು ಇಪ್ಪತ್ತು ಸಾವಿರ ಶ್ಲೋಕಗಳಷ್ಟು ಬರೆದು ತೀರಿಕೊಂಡಾಗ, ಜಿನಸೇನರು ಇನ್ನೂ ನಲವತ್ತು ಸಾವಿರ ಶ್ಲೋಕಗಳಷ್ಟು ಬರೆದು 837ರಲ್ಲಿ ಪೂರ್ತಿ ಮಾಡಿದರು. ಆಮೇಲೆ ಅವರು ಸ್ವಂತ ಕೃತಿಯಾದ ಸಂಸ್ಕೃತ 'ಮಹಾಪುರಾಣ'ದಲ್ಲಿ ನಲವತ್ತೆರಡು ಪರ್ವ ಮುಗಿಸಿ, ನಲವತ್ತಮೂರನೆಯದರಲ್ಲಿ ಮೂರು ಶ್ಲೋಕ ಬರೆಯುವಷ್ಟರಲ್ಲಿ ಆಯುಷ್ಯ ಮುಗಿಯಿತು. ಅಲ್ಲಿಂದ ಮುಂದಕ್ಕೆ ಬರೆದವರು ಶಿಷ್ಯ ಗುಣಭದ್ರರು. ಗುರುಶಿಷ್ಯರು ಹೀಗೆ ಕೈ ಬದಲಾಯಿಸಿಕೊಂಡು ಬರೆದ ಆ ಪುರಾಣದ ಆದಿನಾಥನ ಕಥೆಯನ್ನೇ ಪಂಪ 941ರಲ್ಲಿ 'ಆದಿಪುರಾಣ'ವಾಗಿ ಕನ್ನಡಕ್ಕೆ ತಂದ. ಅದಕ್ಕೆ ಹಿಡಿದದ್ದು ಮೂರೇ ತಿಂಗಳೆಂದು ಅವನು ಹೇಳಿಕೊಂಡಿದ್ದಾನೆ.